ಹಳೇ ಮೋಟಾರಿಗೆ ಎರಡು ಅಂದಾಜು

ನನ್ನ ಅಕ್ಕನಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲ. ಬಾನೆಟ್ಟಿನ ಒಳಗೆ ಏನೇನಿರುತ್ತದೆ ಎಂಬುದೂ ಅವಳಿಗೆ ಮೊದಮೊದಲು ಗೊತ್ತಿರಲಿಲ್ಲ. ಆದರೂ ಹಳೇ ಗಾಡಿಯ ರಿಪೇರಿಗೆ ಮಿಸ್ತ್ರಿ ಹೇಳುವ ಖರ್ಚು ಸರಿಯೋ ಅಲ್ಲವೋ ಎಂದು ತೂಗಿ ನೋಡುವುದನ್ನು ನಾನು ಕಲಿತದ್ದು ಅವಳಿಂದ. ಆಮೇಲೆ ಎಷ್ಟೋ ವರ್ಷ ಗಾಡಿ ಓಡಿಸಿದೆ, ಎಷ್ಟೋ ಮಿಸ್ತ್ರಿಗಳ ಎದುರು ಕೂತೆ. ಅವಳ ಹಾಗೆ ಪ್ರಶ್ನೆ ಕೇಳುವವರನ್ನು ಮಾತ್ರ ಮತ್ತೆ ಕಾಣಲಿಲ್ಲ.

ಮೂವತ್ತರ ದಶಕದ ನಡುವಿನ ಮಾತು. ನಮ್ಮದು ಬನವಾಸಿ ಕಡೆಯ ಒಕ್ಕಲುತನದ ಮನೆ. ಅಕ್ಕನನ್ನು ಶಿರಸಿ ಪೇಟೆಯ ಕಿರಾಣಿ ವ್ಯಾಪಾರದವರ ಮನೆಗೆ ಕೊಟ್ಟಿದ್ದರು. ಭಾವನಿಗೆ ಅಂಗಡಿಯಲ್ಲಿ ಕೂರುವುದೆಂದರೆ ಬೇಸರ. ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು, ಹುಬ್ಬಳ್ಳಿಯಲ್ಲಿ ಯಾರೋ ಕೆಲವು ವರ್ಷ ದುಡಿಸಿ ಮಾರಿದ ಒಂದು ಸರ್ವಿಸ್ ಮೋಟಾರನ್ನು ಕೊಂಡು ತಂದಿದ್ದರು. ಎಂಜಿನ್ನು ಅಮೇರಿಕದ್ದು, ಬಾಡಿ ಹುಬ್ಬಳ್ಳಿಯ ಬಡಗಿಗಳದ್ದು. ಅಡ್ಡಡ್ಡ ಹಲಗೆಯ ಬೆಂಚುಗಳು, ಮೇಲೆ ಸಾಮಾನು ಹೇರಲು ಕಟಾಂಜನ, ಪಕ್ಕಕ್ಕೆ ಸುರುಳಿ ಸುತ್ತಿ ಕಟ್ಟಿದ, ಮಳೆಗೆ ಇಳಿಬಿಡುವ ತಾಡಪತ್ರಿ. ದಿನಾಲೂ ಶಿರಸಿಯಿಂದ ಸಿದ್ದಾಪುರಕ್ಕೆ ಹೋಗಿ ಬರುವುದು, ವಾರಕ್ಕೊಮ್ಮೆ ಯಲ್ಲಾಪುರಕ್ಕೆ. ನಾನು ಟಿಕೇಟು ಹರಿಯಲೆಂದು ಬಂದವನು ಭಾವನ ಪಕ್ಕದಲ್ಲಿ ಕೂತು ಗಾಡಿ ಕಲಿತೆ, ಲೈಸನ್ಸೂ ಮಾಡಿಸಿಕೊಂಡೆ.

ಅದು ಒಳ್ಳೆಯದೇ ಆಯಿತು. ಆ ವರ್ಷ ಭಾವನಿಗೆ ನಮ್ಮ ಕಡೆಯ ಚಳಿಜ್ವರ ಹಿಡಿದು ಬಿಡಲೇ ಇಲ್ಲ. ಜ್ವರದ ಗಡ್ಡೆ ಬೆಳೆದು ಹೊಟ್ಟೆ ಮುಂದೆ ಬಂತು, ಕೈಕಾಲು ಕಡ್ಡಿಯಾದವು. ಸ್ಟೇರಿಂಗ್ ಹಿಡಿದರೆ ತೋಳು ನಡುಗುತ್ತಿತ್ತು. ಗಾಡಿ ನನ್ನ ಕೈಗೆ ಬಂತು, ಗಾಡಿಯ ಯಜಮಾನಿಕೆ ಅಕ್ಕನ ಕೈಗೆ. ಪೆಟ್ರೋಲಿನ ಡಬ್ಬಿ ತರಿಸುವುದು, ಟಾಯರು ನೋಡಿಸುವುದು, ನಾಳೆ ಯಾವ ಬಾಡಿಗೆ ಒಪ್ಪುವುದು, ಎಲ್ಲವನ್ನೂ ಒಲೆಯ ಮುಂದೆ ಕೂತೇ ವಿಚಾರಿಸಿ ಹೇಳುತ್ತಿದ್ದಳು.

ಬೇಸಿಗೆಯ ಒಂದು ದಿನ ಸಿದ್ದಾಪುರದಿಂದ ತುಂಬಿದ ಗಾಡಿ ತರುತ್ತಿದ್ದೆ. ಏರಿನಲ್ಲಿ ಎಂಜಿನ್ನಿನ ತಳದಿಂದ ಟಕ್ ಟಕ್ ಎಂಬ ಸದ್ದು ಬಂತು. ಏರು ಮುಗಿದ ಮೇಲೆ ನಿಂತಿತು. ಮಾರನೆಯ ವಾರ ಸಪಾಟು ರಸ್ತೆಯಲ್ಲೂ ಕೇಳತೊಡಗಿತು. ಹಿಂದಿನಿಂದ ನೀಲಿ ಹೊಗೆ ಬೇರೆ. ಹಿಂದಿನ ಬೆಂಚಿನವರು ಕೆಮ್ಮುತ್ತ, “ಏನಪ್ಪ, ಒಳಗೆ ಕಟ್ಟಿಗೆ ಉರಸ್ತೀಯೇನು?” ಎಂದು ಕೇಳಲು ಶುರುಮಾಡಿದರು. ನಾನು ಅಕ್ಕನಿಗೆ ಹೇಳಿದೆ.

ಶಿರಸಿಯಲ್ಲಿ ಮೋಟಾರು ಕೆಲಸಕ್ಕೆ ಹೆಸರಾದ ಮಿಸ್ತ್ರಿ ಒಬ್ಬರಿದ್ದರು. ತಂದೆಯ ಕಾಲದಿಂದ ಬಾಡಿಗೆ ಗಾಡಿ ನಡೆಸಿದ ಸಾಬರ ಮನೆಯವರು. ತಂದೆಯದು ಎತ್ತಿನ ಗಾಡಿಗಳು. ಇವರು ಮುಂಬಯಿಗೆ ಹೋಗಿ ಎಂಜಿನ್ನಿನ ಕೆಲಸ ಕಲಿತು ಬಂದು ಪೇಟೆಯ ಅಂಚಿಗೆ ಒಂದು ಶೆಡ್ಡು ಹಾಕಿದ್ದರು. ಉದ್ದನೆಯ ಮರದ ಕೋಲಿನ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಅಲ್ಲಿಷ್ಟು ಇಲ್ಲಿಷ್ಟು ಕೇಳಿದರು. ಆಮೇಲೆ ನನಗೆ ಹೇಳಿದರು: ಒಳಗಿನ ಬೇರಿಂಗು ಸವೆದಿದೆ, ಎಂಜಿನ್ನು ಇಳಿಸಿ ಬಿಳಿ ಲೋಹ ಕರಗಿಸಿ ಹೊಸದಾಗಿ ಎರೆದು ಕೂರಿಸಬೇಕು, ಪಿಸ್ಟನ್ನಿಗೆ ಹೊಸ ರಿಂಗು ಹಾಕಬೇಕು, ಗೇರಿನ ಪೆಟ್ಟಿಗೆಯಲ್ಲಿ ಬುಶ್ಶು ಎಂಬ ಒಳಬಳೆ ಬದಲಾಗಬೇಕು, ಬಾಡಿಯ ಕೆಳಗಿನ ತೊಲೆ ಕೊಳೆತು ಲಡ್ಡಾಗಿದೆ, ಅದೂ ಆಗಬೇಕು, ಕೊನೆಗೆ ಬಣ್ಣ. ಎಲ್ಲ ಸೇರಿ ಇಷ್ಟು ಎಂದರು. ಅದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಇಂಥದೇ ಇನ್ನೊಂದು ಹಳೇ ಗಾಡಿ ಬರುವಂತಿತ್ತು.

ಮನೆಗೆ ಬಂದು ಹೇಳಿದೆ. ಭಾವ ಕಂಬಳಿಯೊಳಗಿಂದಲೇ ಸಿಟ್ಟಾದರು. “ಯಜಮಾನ ಮಲಗ್ಯಾನ ಅಂತ ಗೊತ್ತಾಗೇದ ಅವನಿಗೆ. ಕಿರವತ್ತ್ಯಾಗ ಒಬ್ಬ ಮಿಸ್ತ್ರಿ ಇದ್ದಾನಂತ, ಹುಬ್ಬಳ್ಳ್ಯಾಂವ. ಕಡಿಮ್ಯಾಗ ಮಾಡ್ತಾನಂತ. ಅವನ ಕಡೆ ಒಯ್ಯಿ.”

ಅಕ್ಕ ರೊಟ್ಟಿ ತಟ್ಟುತ್ತ ಇಬ್ಬರ ಮಾತನ್ನೂ ಕೇಳಿದಳು. “ಹೆಚ್ಚು ಹೇಳ್ಯಾರೋ ಕಡಿಮಿ ಹೇಳ್ಯಾರೋ ಅಂತ ಈಗ ಹೆಂಗ್ ಅನ್ನೂದು?” ಎಂದಳು. “ಅವರು ಏನ್ ಮಾಡ್ತಾರ ಅನ್ನೂದ ನಮಗ ಗೊತ್ತಿಲ್ಲ. ನಾಳೆ ನಾನ ಹೋಗಿ ಕೇಳತೀನಿ.”

ಆಗಿನ ಕಾಲದಲ್ಲಿ ಮಿಸ್ತ್ರಿಯ ಶೆಡ್ಡಿಗೆ ಹೆಂಗಸರು ಹೋಗುವುದು ಇರಲಿಲ್ಲ. ಅಕ್ಕ ಮಧ್ಯಾಹ್ನದ ಊಟ ಮುಗಿಸಿ, ತಲೆಯ ಮೇಲೆ ಸೆರಗು ಹೊದ್ದು, ನನ್ನ ಹಿಂದೆ ಹೊರಟಳು. ಶೆಡ್ಡಿನವರು ಕೆಲಸ ಬಿಟ್ಟು ನೋಡಿದರು. ಮಿಸ್ತ್ರಿ ಒಂದು ಖಾಲಿ ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿ ಕೂರಲು ಕೊಟ್ಟರು.

“ನನಗ ಗಾಡಿ ತಿಳಿಯಂಗಿಲ್ರಿ. ಅದಕ್ಕ ಬಂದೀನಿ,” ಎಂದಳು ಅಕ್ಕ. “ನೀವು ಹೇಳಿದ ಕೆಲಸ ಒಂದೊಂದ ಬ್ಯಾರೆ ಮಾಡಿ ಹೇಳ್ರಿ. ಆ ಕೆಲಸ ಮಾಡದಿದ್ರ ಏನಾಗ್ತೈತಿ ಅನ್ನೂದನ್ನೂ ಹೇಳ್ರಿ.”

ಮಿಸ್ತ್ರಿಯ ಮುಖ ಬಿಗಿಯಿತು. “ಬಾಯಾರೆ, ನನ್ನ ಮೇಲೆ ಅನುಮಾನ ಇದ್ದರೆ ಗಾಡಿ ತಗೊಂಡು ಹೋಗಿ. ನನಗೆ ಕೆಲಸಕ್ಕೆ ಕಮ್ಮಿ ಇಲ್ಲ.”

“ಅನುಮಾನ ಇದ್ದಿದ್ರ ಬರತಿದ್ದಿಲ್ಲ. ಸೀರಿ ಕೊಳ್ಳೂಮುಂದ ಬಿಚ್ಚಿ ನೋಡ್ತೀವಿ, ಅಂಗಡ್ಯಾಂವ ಸಿಟ್ಟಾಗ್ತಾನೇನ್ರಿ? ಇದನ್ನ ಬಿಚ್ಚಿ ನೋಡಿದ್ರೂ ನನಗ ತಿಳಿಯಂಗಿಲ್ಲ. ಅದಕ್ಕ ಬಾಯಿಲೆ ಕೇಳತೀನಿ.”

ಮಿಸ್ತ್ರಿ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತರು.

ಬೇರಿಂಗು ಮಾಡದಿದ್ದರೆ? ಒಂದು ದಿನ ಒಳಗಿನ ರಾಡು ಮುರಿದು ಎಂಜಿನ್ನಿನ ಹೊಟ್ಟೆ ಒಡೆದುಕೊಂಡು ಹೊರಗೆ ಬರುತ್ತದೆ, ಆಮೇಲೆ ಗುಜರಿಗೇ ಕೊಡಬೇಕು. ರಿಂಗು ಹಾಕದಿದ್ದರೆ? ಎಣ್ಣೆ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಏರಿನಲ್ಲಿ ಸೋಲುತ್ತದೆ. ಎಂಜಿನ್ನು ಹೇಗೂ ಬಿಚ್ಚಿರುವುದರಿಂದ ಈಗಲೇ ಮಾಡಿದರೆ ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ. ಗೇರಿನ ಬುಶ್ಶು? ಮಿಸ್ತ್ರಿ ನನ್ನ ಕಡೆ ತಿರುಗಿ, ಗೇರು ತಾನಾಗಿ ಜಾರುತ್ತದೆಯೇ ಎಂದು ಕೇಳಿದರು. ಅಪರೂಪಕ್ಕೆ ಎಂದೆ. “ಹಾಗಾದರೆ ಅದು ಬಿಚ್ಚಿ ನೋಡದೆ ಖಾತ್ರಿ ಹೇಳಲಿಕ್ಕೆ ಆಗುದಿಲ್ಲ. ವರ್ಷ ತಡೆದರೂ ತಡೀಬಹುದು,” ಎಂದರು. ತೊಲೆ ಬಲಗಡೆಯದು ಆಗಲೇಬೇಕು, ಎಡಗಡೆಯದು ಇನ್ನೂ ಗಟ್ಟಿ ಇದೆ.

“ಬಣ್ಣ?”

“ಬಣ್ಣ ಬಿಟ್ಟರೆ ಏನೂ ಆಗುದಿಲ್ಲ ಬಾಯಾರೆ. ಚಂದ ಕಾಣುದಿಲ್ಲ, ಅಷ್ಟೇ.”

“ಹಂಗಾರ ಬಣ್ಣ ಬಿಡ್ರಿ. ಇಷ್ಟೆಲ್ಲಾ ಹೇಳಿದ್ರಿ, ಬ್ರೇಕಿನ ಮಾತ ಬರಲಿಲ್ಲಲ್ಲ?”

ಮಿಸ್ತ್ರಿ ಎದ್ದು ಗಾಡಿಯ ಕೆಳಗೆ ನುಸುಳಿದರು. ಹೊರಗೆ ಬಂದು, “ಬ್ರೇಕಿನ ಪಟ್ಟಿ ಇನ್ನೂ ಇದೆ. ದೀಪಾವಳಿ ತನಕ ಬರ್ತದೆ. ಆದರೆ ಕೇಳಿದ್ದು ಒಳ್ಳೆದಾಯ್ತು, ಅದನ್ನೂ ಇದರಲ್ಲೇ ಹಾಕುವ,” ಎಂದರು. ನನಗೆ ಆಶ್ಚರ್ಯವಾದದ್ದು ಅಲ್ಲಿಯೇ. ಅಕ್ಕ ಖರ್ಚು ಕಡಿಮೆ ಮಾಡಿಸಲು ಬಂದಿದ್ದಾಳೆ ಎಂದು ನಾನೂ ಮಿಸ್ತ್ರಿಯೂ ತಿಳಿದಿದ್ದೆವು. ಅವಳು ಬಣ್ಣವನ್ನು ಕಳೆದು ಬ್ರೇಕನ್ನು ಸೇರಿಸಿದಳು.

ಏಳುವ ಮುಂಚೆ ಇನ್ನೊಂದು ಕೇಳಿದಳು. “ಮಳಿ ಹಿಡಿದ ಮ್ಯಾಲ ನಿಮ್ಮಲ್ಲಿ ಕೆಲಸ ಕಡಿಮಿ ಇರ್ತೈತಿ, ಹೌದಲ್ರಿ? ರಸ್ತೆ ಕೆಟ್ಟು ನಮ್ಮ ಗಾಡೀನೂ ನಿಲ್ತೈತಿ. ಆವಾಗ ಮಾಡಿದ್ರ ಕೂಲಿಯೊಳಗ ಏನರ ಕಡಿಮಿ ಆಗ್ತೈತೇನು?”

ಮಿಸ್ತ್ರಿ ಮೊದಲ ಸಲ ನಕ್ಕರು. “ಆಗ್ತದೆ,” ಎಂದರು. “ಅಲ್ಲಿ ತನಕ ಭಾರ ಹಾಕಬೇಡಿ. ಏರಲ್ಲಿ ಎಳೀಬೇಡಿ.”

ಆದರೂ ಭಾವನ ಸಮಾಧಾನಕ್ಕೆ ಕಿರವತ್ತಿಗೆ ಹೋಗಲೇಬೇಕಾಯಿತು. ಯಲ್ಲಾಪುರದ ಬಾಡಿಗೆಯ ದಿನ ನಾಲ್ಕೇ ಮಂದಿಯನ್ನು ಹತ್ತಿಸಿಕೊಂಡು ಹೊರಟೆವು. ಅಕ್ಕ ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹುಲಗೋಳದ ಕಡೆ ತಿರುಗುವಲ್ಲಿ ಒಬ್ಬ ಅಜ್ಜ ಇಳಿದು, ಗಾಡಿಯ ಸದ್ದು ಕೇಳಿ ತಲೆ ಅಲ್ಲಾಡಿಸಿ ನಡೆದುಬಿಟ್ಟ. ಉಳಿದವರು ಯಲ್ಲಾಪುರದಲ್ಲಿ ಇಳಿದರು. ಖಾಲಿ ಗಾಡಿಯನ್ನು ಹುಬ್ಬಳ್ಳಿ ರಸ್ತೆ ಹಿಡಿದು ಮೆಲ್ಲಗೆ ಕಿರವತ್ತಿಗೆ ಒಯ್ದೆ.

ರಸ್ತೆಯ ಪಕ್ಕ ಸೋಗೆಯ ಚಪ್ಪರ, ಅದರ ಕೆಳಗೆ ನಾಟಾ ಮರದ ದಿಮ್ಮಿ ಸಾಗಿಸುವ ಎರಡು ಲಾರಿ. ಅಲ್ಲಿಯ ಮಿಸ್ತ್ರಿ ನನಗಿಂತ ಸ್ವಲ್ಪವೇ ದೊಡ್ಡವನು, ಚುರುಕು, ಮಾತುಗಾರ. “ಬರ್ರಿ ಅಕ್ಕಾರ, ಕುಂದರ್ರಿ, ನೀರ್ ಕುಡೀರಿ,” ಎಂದು ಉಪಚಾರ ಮಾಡಿದ. ಎಂಜಿನ್ನು ಚಾಲೂ ಮಾಡಿಸಿ ಕೇಳಿ, “ಬೇರಿಂಗ್ ಐತ್ರಿ. ನಾಳೆ ಸಂಜೀಕ ಒಯ್ರಿ. ಸಪ್ಪಳ ಇದ್ರ ರೊಕ್ಕ ಕೊಡಬ್ಯಾಡ್ರಿ,” ಎಂದ. ಅವನು ಹೇಳಿದ ಮೊತ್ತ ಶಿರಸಿಯದರ ಮೂರನೇ ಒಂದು ಪಾಲೂ ಇರಲಿಲ್ಲ.

ನನ್ನ ಮನಸ್ಸು ಅಲ್ಲಿಗೇ ವಾಲಿತು. ಅಕ್ಕ ಮಾತ್ರ ಶಿರಸಿಯಲ್ಲಿ ಕೇಳಿದ್ದನ್ನೇ ಇಲ್ಲಿಯೂ ಕೇಳಿದಳು. ಏನು ಮಾಡುತ್ತೀರಿ, ಹೇಗೆ ಮಾಡುತ್ತೀರಿ. ಅವನು ಮುಚ್ಚುಮರೆ ಮಾಡಲಿಲ್ಲ. ಹಳೇ ಚರ್ಮದ ಪಟ್ಟಿಯ ಒಂದು ತುಂಡನ್ನು ತಂದು ತೋರಿಸಿದ. ಸವೆದ ಬೇರಿಂಗಿನ ಸಂದಿನಲ್ಲಿ ಅದನ್ನು ಎಣ್ಣೆಯಲ್ಲಿ ನೆನೆಸಿ ಸುತ್ತಿ ಬಿಗಿದರೆ ಸದ್ದು ನಿಲ್ಲುತ್ತದೆ. ಎಂಜಿನ್ನಿಗೆ ದಪ್ಪ ಎಣ್ಣೆ ಹಾಕಿದರೆ ಹೊಗೆಯೂ ಕಮ್ಮಿ.

“ಇದು ಎಷ್ಟು ದಿವಸ ತಾಳ್ತೈತ್ರಿ?” ಎಂದಳು ಅಕ್ಕ.

ಅವನು ಅಕ್ಕನ ಮುಖವನ್ನೂ ನನ್ನ ಮುಖವನ್ನೂ ನೋಡಿದ. “ಅಂದ್ರ... ಮಾರೂದಲ್ಲೇನ್ರಿ ಇದು?”

“ಮಾರೂದು ಅಂತ ಯಾರ್ ಹೇಳಿದ್ರು?”

“ಯಾರೂ ಹೇಳಿಲ್ರಿ. ಇಂಥಾ ಹಳೇ ಗಾಡಿ ನನ್ನ ಕಡೆ ತರಾವ್ರೆಲ್ಲಾ ಮಾರಾಕ ತರ್ತಾರ. ಸಪ್ಪಳ ನಿಲ್ಲಿಸಿ ಕೊಟ್ರ ಆತು. ಗಿರಾಕೀನೂ ನಾನ ತೋರಸ್ತೀನಿ ಬೇಕಾದ್ರ. ಯಲ್ಲಾಪುರದಾಗ ಒಬ್ರು ಕೇಳಾಕತ್ಯಾರ, ಘಟ್ಟದ ಕೆಳಗ ಅಂಕೋಲಾಕ ಸರ್ವಿಸ್ ಹಾಕಾವ್ರು.”

“ಅರಬೈಲ್ ಘಟ್ಟದಾಗ ಇಳಸ್ತಾರೇನು ಇದನ್ನ? ಮಂದಿ ತುಂಬಿ?”

“ಹೌದ್ರಿ ಮತ್ತ.”

ಅಕ್ಕ ಆ ಚರ್ಮದ ತುಂಡನ್ನು ಎತ್ತಿ, ಬಾಗಿಸಿ ನೋಡಿ ಕೆಳಗಿಟ್ಟಳು. ನಾನು ಆ ಘಟ್ಟವನ್ನು ನೆನೆಸಿಕೊಂಡೆ. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಕಾಡು ತುಂಬಿದ ಆಳ. ಅಲ್ಲಿ ರಾಡು ಮುರಿದರೆ ಗಾಡಿಯಲ್ಲಿದ್ದವರ ಗತಿ ಏನು ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಕೇಳಿದ್ದಕ್ಕ ಖರೇ ಹೇಳಿದ್ರಿ,” ಎಂದಳು ಅಕ್ಕ, ಎದ್ದು ನಿಂತು. “ನಾವು ಮಾರಂಗಿಲ್ಲ. ಓಡಸ್ತೀವಿ.” ಗಾಡಿ ನೋಡಿದ್ದಕ್ಕೆ ಏನಾದರೂ ತೆಗೆದುಕೊಳ್ಳಿ ಎಂದಳು, ಅವನು ಬೇಡವೆಂದ. ಮೇಲಾಗಿ, “ಓಡಸೂದಾದ್ರ ನನ್ನ ಕಡೆ ಮಾಡಸಬ್ಯಾಡ್ರಿ. ಲೋಹ ಎರೆಯೂ ಕೆಲಸ ನನಗ ಬರಂಗಿಲ್ಲ,” ಎಂದು ತಾನಾಗಿಯೇ ಹೇಳಿದ. ನನಗೆ ಅವನ ಬಗ್ಗೆಯೂ ಗೌರವ ಹುಟ್ಟಿದ್ದು ಆಗಲೇ.

ಬರುವಾಗ ಅಕ್ಕ ಹಿಂದಿನಿಂದ ನನಗೆ ಹೇಳಿದಳು, “ಇಬ್ರೂ ಸುಳ್ಳು ಹೇಳಿಲ್ಲ ನೋಡು. ಒಬ್ರು ಓಡಿಸಾಕ ಆಗೂ ಖರ್ಚು ಹೇಳ್ಯಾರ, ಒಬ್ರು ಮಾರಾಕ ಆಗೂ ಖರ್ಚು ಹೇಳ್ಯಾರ. ಎರಡೂ ಬಾಜೂಕ ಇಟ್ಟು ಹೆಚ್ಚು ಕಡಿಮಿ ಅನ್ನಾಕ ಬರಂಗಿಲ್ಲ.” ಇಷ್ಟು ಸರಳವಾದ ಸಂಗತಿ ನನಗಾಗಲಿ ಭಾವನಿಗಾಗಲಿ ಹೊಳೆದಿರಲಿಲ್ಲ.

ಇಷ್ಟಾದರೂ ಅವಳು ಶಿರಸಿಯ ಮಿಸ್ತ್ರಿಗೆ ತಕ್ಷಣ ಹೂಂ ಎನ್ನಲಿಲ್ಲ. ಬೇರಿಂಗಿನ ಕೆಲಸ ಅವರಿಂದ ಮಾಡಿಸಿಕೊಂಡವರು ಯಾರಿದ್ದಾರೆ ಎಂದು ನನ್ನಿಂದ ಕೇಳಿಸಿದಳು. “ಮೊನ್ನೆ ಮಾಡಿಸಿದಾವ್ರು ಬ್ಯಾಡ. ಹ್ವಾದ ವರ್ಷ, ಅದರ ಹಿಂದಿನ ವರ್ಷ ಮಾಡಿಸಿದಾವ್ರನ್ನ ಕೇಳ್ಕೊಂಡು ಬಾ.” ಮಿಸ್ತ್ರಿಯೇ ಸಿದ್ದಾಪುರದ ಒಬ್ಬ ತೋಟದ ಒಡೆಯರ ಮನೆ ಹೇಳಿದರು. ಆ ವಾರ ಸಿದ್ದಾಪುರದಲ್ಲಿ ಗಾಡಿ ನಿಲ್ಲಿಸಿ ಅವರ ಮನೆಗೆ ಹೋದೆ. ಅವರು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿದ್ದ ಕಾರನ್ನು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿಯೇ ತೋರಿಸಿದರು. ಹೊಲಿಗೆ ಮಿಶಿನ್ನಿನ ಹಾಗೆ ಸದ್ದು.

“ಎರಡು ಮಳೆಗಾಲ ಕಳತ್ತು. ಎಂತದೂ ಆಜಿಲ್ಲೆ, ಒಂದ್ಸಲವೂ ಕೆಟ್ಟಿದ್ದಿಲ್ಲೆ,” ಎಂದರು. “ಒಂದು ಹೇಳ್ತೆ ಕೇಳು. ಅಂವ ಹೇಳಿದ್ ದಿನಕ್ಕೆ ಕೊಡ್ತಾ ಇಲ್ಲೆ. ತಡ ಮಾಡ್ತ. ಎನಗೆ ಸಿಟ್ಟು ಬಂದಿತ್ತು. ಆದ್ರೂ ಇನ್ನೊಂದ್ಸಲ ಕೆಟ್ರೆ ಆನು ಅವನ ಹತ್ರವೇ ಹೋಗ್ತೆ.”

ಈ ಮಾತನ್ನು ಬಂದು ಹಾಗೆಯೇ ಹೇಳಿದೆ. ತಡವಾಗುತ್ತದೆ ಎಂದದ್ದನ್ನು ಕೇಳಿ ಅಕ್ಕ, “ಹಂಗಾರ ಮಳಿ ಹಿಡಿಯೂಕಿಂತ ಮೊದಲ ಒಯ್ದು ನಿಲ್ಲಸು,” ಎಂದಳು.

ಮಾರಿಬಿಡೋಣ ಎಂಬ ಭಾವನ ಆಸೆ ಇನ್ನೂ ಹೋಗಿರಲಿಲ್ಲ. ಅಕ್ಕ ಅವರ ಹತ್ತಿರ ಕೂತು ಕಿರವತ್ತಿಯ ಕತೆಯನ್ನೆಲ್ಲ ಹೇಳಿದಳು. ಹೇಳಿ, “ಮಾರೂದಾದ್ರ ಹಿಂಗ ಐತಿ ಅಂತ ಹೇಳಿ ಮಾರಬೇಕು. ಹಂಗ ಹೇಳಿದ್ರ ಗುಜರಿಯಾವ್ರಷ್ಟ ತಗೋತಾರ. ನೀವು ಎದ್ದ ಮ್ಯಾಲ ಏನ್ ಓಡಸ್ತೀರಿ?” ಎಂದು ಕೇಳಿದಳು. ಭಾವ ಕಂಬಳಿ ಸರಿಸಿ ಗೋಡೆಗೊರಗಿ ಕೂತರು. ಅವರು ಮತ್ತೆ ಏಳುತ್ತಾರೆ, ಗಾಡಿ ಓಡಿಸುತ್ತಾರೆ ಎಂದು ಆ ಮನೆಯಲ್ಲಿ ಯಾರಾದರೂ ಅಷ್ಟು ಸಹಜವಾಗಿ ಹೇಳಿ ಎಷ್ಟೋ ತಿಂಗಳಾಗಿತ್ತು. ಕೊನೆಗೆ, “ನಿನಗ ತಿಳಿದಂಗ ಮಾಡು,” ಎಂದರು.

ಮಳೆಗೆ ಮುಂಚೆಯೇ ಗಾಡಿ ಶೆಡ್ಡು ಸೇರಿತು. ಎಂಜಿನ್ನು ಇಳಿಸಿ ಕೆಲವು ದಿನಗಳಾದ ಮೇಲೆ ಮಿಸ್ತ್ರಿ ಛತ್ರಿ ಹಿಡಿದು ಮನೆಗೇ ಬಂದರು. ಕೂರಲಿಲ್ಲ. “ಬಾಯಾರೆ, ಬಿಚ್ಚಿದ ಮೇಲೆ ಹೊಸದೇನಾದರೂ ಕಂಡರೆ ಕೇಳದೆ ಕೈ ಹಾಕಬೇಡಿ ಅಂದಿದ್ದಿರಿ. ಕಂಡಿದೆ. ಒಮ್ಮೆ ಬಂದು ನೋಡಿ.”

ಹೋದೆವು. ಎಂಜಿನ್ನಿನ ಒಳಗೆ ತಿರುಗುವ ದೊಡ್ಡ ಉಕ್ಕಿನ ದಂಡವನ್ನು ಹಲಗೆಯ ಮೇಲೆ ಮಲಗಿಸಿದ್ದರು. ಬೇರಿಂಗು ಕೂರುವ ಜಾಗಗಳು ದುಂಡಗಿರಬೇಕು, ಒಂದು ಜಾಗ ಸವೆದು ಮೊಟ್ಟೆಯಂತಾಗಿತ್ತು. “ಕಣ್ಣಿಗೆ ಕಾಣುದಿಲ್ಲ, ಬೆರಳು ಆಡಿಸಿ,” ಎಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಎಣ್ಣೆ ಮೆತ್ತಿದ ದಂಡದ ಮೇಲೆ ಬೆರಳು ಸುತ್ತಿದಳು, ಪಕ್ಕದ ಒಳ್ಳೆಯ ಜಾಗದ ಮೇಲೂ ಸುತ್ತಿದಳು. “ಹೌದು, ಏರುಪೇರು ಐತಿ,” ಎಂದಳು. ಅದನ್ನು ಹುಬ್ಬಳ್ಳಿಗೆ ಕಳಿಸಿ, ಲೇತಿನಲ್ಲಿ ದುಂಡಗೆ ಕಡೆಸಿ ತರಬೇಕು. ಹಾಗೆಯೇ ಬಿಟ್ಟು ಲೋಹ ಎರೆದರೆ ಒಂದೇ ವರ್ಷದಲ್ಲಿ ಮತ್ತೆ ಸದ್ದು.

“ಇದು ನಾನು ಮೊದಲು ಹೇಳಿದ್ದರಲ್ಲಿ ಇಲ್ಲ,” ಎಂದರು ಮಿಸ್ತ್ರಿ. “ಹೊರಗಿಂದ ಕೇಳಿ ಇದು ತಿಳಿಯುದಿಲ್ಲ. ಆದರೆ ಗೇರು ಬಿಚ್ಚಿ ನೋಡಿದೆ. ಬುಶ್ಶು ಚೆನ್ನಾಗಿದೆ, ಬದಲಾಯಿಸುದು ಬೇಡ. ಅದನ್ನು ಕಳೆದು ಇದನ್ನು ಹಾಕಿದರೆ ನಿಮಗೆ ಮೇಲೆ ಬೀಳುದು ಸ್ವಲ್ಪವೇ.” ಅವರು ಸುಮ್ಮನೆ ಬುಶ್ಶನ್ನೂ ಬದಲಾಯಿಸಿದೆ ಎಂದು ಹೇಳಿದ್ದರೆ ನಮಗೆ ತಿಳಿಯುತ್ತಿರಲಿಲ್ಲ. ಅಕ್ಕನಿಗೂ ಅದು ಗೊತ್ತಿತ್ತು. “ಕಳಸ್ರಿ ಹುಬ್ಬಳ್ಳಿಗೆ,” ಎಂದಳು.

ಆಮೇಲಿನದು ಕಾಯುವ ಕೆಲಸ. ಸಿದ್ದಾಪುರದವರು ಹೇಳಿದ್ದು ಅಕ್ಷರಶಃ ನಿಜವಾಯಿತು. ರಸ್ತೆ ಒಣಗಿತು, ಬೇರೆಯವರ ಗಾಡಿಗಳು ಓಡತೊಡಗಿದವು, ನಮ್ಮದು ಇನ್ನೂ ಶೆಡ್ಡಿನಲ್ಲೇ. ನಾನು ದಿನಾ ಹೋಗಿ ನಿಲ್ಲುತ್ತಿದ್ದೆ. ಮಿಸ್ತ್ರಿ ದಂಡಕ್ಕೆ ಮಸಿ ಬಳಿದು, ಬೇರಿಂಗಿನಲ್ಲಿ ಕೂರಿಸಿ ತಿರುಗಿಸಿ, ತೆಗೆದು, ಮಸಿ ಹತ್ತಿದ ಕಡೆಯಷ್ಟೇ ಎಲೆಯಂಥ ಚೂರಿಯಿಂದ ಕೆತ್ತುತ್ತಿದ್ದರು. ಮತ್ತೆ ಮಸಿ, ಮತ್ತೆ ಕೆತ್ತನೆ. ಎಲ್ಲ ಕಡೆ ಸಮನಾಗಿ ಮಸಿ ಹತ್ತುವವರೆಗೂ ಬಿಡುವವರಲ್ಲ. ನಾನು ಅವಸರ ಮಾಡಿದರೆ ತಲೆ ಎತ್ತದೆ, “ಹೋಗಿ ನಿಮ್ಮ ಅಕ್ಕನಿಗೆ ಹೇಳಿ, ಹೀಗೇ ಬಿಟ್ಟುಕೊಡಿ ಅಂದರೆ ಈಗಲೇ ಕೊಡ್ತೇನೆ,” ಎನ್ನುತ್ತಿದ್ದರು. ಅಕ್ಕನಿಗೂ ಒಳಗೊಳಗೇ ಕಿರಿಕಿರಿಯಾಗುತ್ತಿತ್ತು. ಪಾತ್ರೆ ಇಡುವ ಸದ್ದಿನಲ್ಲೇ ತಿಳಿಯುತ್ತಿತ್ತು. ಆದರೆ ಬಿಟ್ಟುಕೊಡಿ ಎಂದು ಹೇಳಿ ಕಳಿಸಲಿಲ್ಲ.

ಗಾಡಿ ಸಿದ್ಧವಾದ ದಿನ ಮಿಸ್ತ್ರಿ ಹಳೇ ರಿಂಗು, ಹಳೇ ಲೋಹದ ಚೂರು, ಬ್ರೇಕಿನ ಹಳೇ ಪಟ್ಟಿ, ಲಡ್ಡಾದ ತೊಲೆಯ ತುಂಡು ಎಲ್ಲವನ್ನೂ ಚೀಲದ ಮೇಲೆ ಜೋಡಿಸಿಟ್ಟಿದ್ದರು. ಅಕ್ಕ ಒಂದೊಂದನ್ನೂ ಎತ್ತಿ ನೋಡಿ, ಇದು ಯಾವುದು, ಎಲ್ಲಿರುತ್ತದೆ ಎಂದು ಕೇಳಿ ತಿಳಿದುಕೊಂಡಳು. ಅಷ್ಟು ಹೊತ್ತೂ ಮಿಸ್ತ್ರಿಯ ಮುಖದಲ್ಲಿ ತಮ್ಮ ಮಗಳ ಮದುವೆಯ ಒಡವೆ ತೋರಿಸುವವರ ಹಿಗ್ಗಿತ್ತು. ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದ ಗಿರಾಕಿ ತಮಗೆ ಯಾರೂ ಸಿಕ್ಕಿರಲಿಲ್ಲ ಎಂದು ನನಗೆ ಮುಂದೆ ಎಷ್ಟೋ ಸಲ ಹೇಳಿದರು.

ಮೊದಲ ದಿನ ಸಿದ್ದಾಪುರಕ್ಕೆ ಅಕ್ಕನೂ ಬಂದಳು. ಮಿಸ್ತ್ರಿಯ ಮಾತಿನಂತೆ ಅರ್ಧ ಜನ, ಅರ್ಧ ವೇಗ. ಏರು ಬಂದಾಗ ನಾನು ಎಂಜಿನ್ನಿನ ತಳಕ್ಕೇ ಕಿವಿ ಕೊಟ್ಟೆ. ಗಾಡಿ ಒಂದೇ ಸಮನೆ ಗೊರಗೊರ ಎನ್ನುತ್ತ ಹತ್ತಿ ಮೇಲೆ ಬಂತು. ಹಿಂದೆ ತಿರುಗಿ ನೋಡಿದರೆ ಅಕ್ಕ ಪಕ್ಕದ ಹೆಂಗಸಿನ ಜೊತೆ ಹಪ್ಪಳದ ಹಿಟ್ಟಿನ ಹದ ಮಾತಾಡುತ್ತಿದ್ದಳು. ಏರು ಮುಗಿದದ್ದೂ ಅವಳಿಗೆ ಗೊತ್ತಾದಂತಿರಲಿಲ್ಲ.

ಭಾವ ಮರುವರ್ಷ ಚೇತರಿಸಿಕೊಂಡರು. ಮೊದಲು ನನ್ನ ಪಕ್ಕ ಕೂತು ಬಂದರು, ಆಮೇಲೆ ಸಪಾಟು ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದರು, ದಸರೆಯ ಹೊತ್ತಿಗೆ ಇಡೀ ದಾರಿ ತಾವೇ ಓಡಿಸಿದರು. ನಾನು ಯಲ್ಲಾಪುರದಲ್ಲಿ ನಾಟಾ ಲಾರಿಯ ಕೆಲಸಕ್ಕೆ ಸೇರಿದೆ. ಬಣ್ಣ ಕಾಣದ ಆ ಮೋಟಾರು ಶಿರಸಿ ಸಿದ್ದಾಪುರದ ನಡುವೆ ಇನ್ನೂ ಹಲವು ವರ್ಷ ಮಂದಿಯನ್ನು ಹೊತ್ತು ತಿರುಗಿತು. ರಜೆಯಲ್ಲಿ ಹೋದಾಗಲೆಲ್ಲ ಅಕ್ಕ ನನ್ನ ಲಾರಿಯ ಬಗ್ಗೆ ವಿಚಾರಿಸುತ್ತಿದ್ದಳು. ಒಮ್ಮೆ ಲಾರಿಯಲ್ಲೇ ಹೋಗಿದ್ದಾಗ, ಅದರ ಬ್ರೇಕು ಯಾವಾಗ ನೋಡಿಸಿದ್ದು ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಊಟ ಬಡಿಸುವ ಮೊದಲು ಲಾರಿ ಸಮೇತ ಮಿಸ್ತ್ರಿಯ ಶೆಡ್ಡಿಗೆ ಕಳಿಸಿದಳು.